ಎಂಟನೇ ಕ್ಲಾಸಿಗೆ ಬಂದವರು

ನಮ್ಮ ಹೈಸ್ಕೂಲಿನ ಸಂಚಿಕೆಯ ಸಮಿತಿಯವರು ಮನೆಗೆ ಬಂದು, "ಈಚಿನ ವರ್ಷಗಳಲ್ಲಿ ನಮ್ಮ ಮಕ್ಕಳು ಏನೇನು ಸಾಧಿಸಿದ್ದಾರೆ ಅನ್ನೋದನ್ನ ನೀವೇ ಬರೆದುಕೊಡಬೇಕು ಸಾರ್" ಎಂದಾಗ ಮರುಮಾತಾಡದೆ ಒಪ್ಪಿಕೊಂಡೆ. ಕನ್ನಡ ಪಾಠ ಹೇಳಿಕೊಂಡು ವರ್ಷಗಟ್ಟಲೆ ಇದ್ದ ಶಾಲೆ, ನಿವೃತ್ತನಾಗಿ ಇನ್ನೂ ಬಹಳ ದಿನ ಆಗಿಲ್ಲ. ಮುಖ್ಯ ಶಿಕ್ಷಕರ ಕೋಣೆಯ ಗಾಜಿನ ಕಪಾಟು ತೆರೆದು ಕಪ್ಪು, ಫಲಕ, ಸರ್ಟಿಫಿಕೇಟುಗಳನ್ನೆಲ್ಲ ಮೇಜಿನ ಮೇಲೆ ಹರವಿಕೊಂಡು ಒಂದು ಮಧ್ಯಾಹ್ನ ಕೂತೆ. ಪಟ್ಟಿ ತಯಾರಾಯಿತು. ಅದು ಈ ಸಂಚಿಕೆಯ ಕೊನೆಯ ಪುಟಗಳಲ್ಲಿದೆ. ಹೆಸರು, ವರ್ಷ, ಸ್ಪರ್ಧೆ, ಬಹುಮಾನ ಎಲ್ಲವೂ ಅಲ್ಲಿ ಸಿಗುವುದರಿಂದ ಇಲ್ಲಿ ಮತ್ತೆ ಹೇಳುವುದಿಲ್ಲ.

ಪಟ್ಟಿ ಮುಗಿದ ಮೇಲೆ ಕಪಾಟಿನ ಕೆಳಗಿನ ಖಾನೆಯಲ್ಲಿದ್ದ ದಾಖಲಾತಿ ರಿಜಿಸ್ಟರು ಕೈಗೆ ಸಿಕ್ಕಿತು. ಉದ್ದನೆಯ ಪುಸ್ತಕ, ಬೆನ್ನಿಗೆ ಕೆಂಪು ಬಟ್ಟೆ, ಮೂಲೆಗಳೆಲ್ಲ ಸವೆದು ರಟ್ಟು ಕಾಣುತ್ತಿದೆ. ಮಗುವಿನ ಹೆಸರು, ತಂದೆ ತಾಯಿ, ಹುಟ್ಟಿದ ದಿನ, ಮಾತೃಭಾಷೆ, ಹಿಂದೆ ಓದಿದ ಶಾಲೆ. ಆ ಕೊನೆಯ ಕಾಲಂ ಓದುತ್ತಾ ಹೋದರೆ ಹೋಬಳಿಯ ನಕ್ಷೆಯೇ ಬಿಚ್ಚಿಕೊಳ್ಳುತ್ತದೆ: ಬೆಸೂರು, ಕ್ಯಾತೆ, ದೊಡ್ಡಕೊಡ್ಲಿ, ಕಿರಿಕೊಡ್ಲಿ. ಮಾತೃಭಾಷೆಯ ಕಾಲಂನಲ್ಲಿ ಕನ್ನಡ, ಮಲಯಾಳಂ, ಉರ್ದು, ತಮಿಳು, ತುಳು. ಈಚಿನ ಪುಟಗಳಲ್ಲಿ ಅಲ್ಲೊಂದು ಇಲ್ಲೊಂದು ಅಸ್ಸಾಮಿ. ನಮ್ಮಲ್ಲಿ ಮಕ್ಕಳು ಏಳನೇ ತರಗತಿಯವರೆಗೆ ತಮ್ಮ ತಮ್ಮ ಊರಿನ ಶಾಲೆಯಲ್ಲಿ ಓದಿ ಎಂಟಕ್ಕೆ ಪೇಟೆಗೆ ಬರುತ್ತಾರೆ. ಹದಿಮೂರು ವರ್ಷದ ಮಗು, ಇಡೀ ಶಾಲೆಗೆ ಹತ್ತಿಪ್ಪತ್ತು ಮಕ್ಕಳಿದ್ದ ಕಡೆಯಿಂದ ಬಂದು ಒಂದೇ ಕೋಣೆಯಲ್ಲಿ ಐವತ್ತು ಅಪರಿಚಿತ ಮುಖಗಳ ನಡುವೆ ಕೂರುತ್ತದೆ. ಆ ಮೊದಲ ದಿನದಿಂದ ಹತ್ತನೇ ತರಗತಿಯ ಕೊನೆಯ ದಿನದವರೆಗೆ ಅದು ಎಷ್ಟು ದೂರ ಬಂತು ಅನ್ನುವುದನ್ನು ಕಪಾಟಿನ ಕಪ್ಪುಗಳು ಪೂರ್ತಿ ಹೇಳುವುದಿಲ್ಲ. ನನ್ನ ಮಟ್ಟಿಗೆ ಶಾಲೆಯ ಸಾಧನೆ ಅಂದರೆ ಆ ದೂರ. ಅದನ್ನು ಬರೆಯಲು ಕೂತಿದ್ದೇನೆ.

ನಮ್ಮ ಶಾಲೆ ಇರುವ ಕೊಡ್ಲಿಪೇಟೆಯ ಬಗ್ಗೆ ಹೊರಗಿನ ಓದುಗರಿಗೆ ಎರಡು ಮಾತು. ಬ್ರಿಟಿಷರ ಕಾಲದ ಕೊಡಗಿನಲ್ಲಿ ಪಟ್ಟಣ ಅನ್ನಿಸಿಕೊಂಡಿದ್ದವು ಐದೇ: ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಈಗ ಕುಶಾಲನಗರವಾಗಿರುವ ಫ್ರೇಸರ್‌ಪೇಟೆ ಮತ್ತು ನಮ್ಮ ಕೊಡ್ಲಿಪೇಟೆ. ಏಳುಸಾವಿರ ಸೀಮೆ ಎಂದು ಹಳಬರು ಕರೆಯುತ್ತಿದ್ದ ಈ ಭಾಗ ಜಿಲ್ಲೆಯ ಉತ್ತರದ ತುದಿ. ಆಚೆಗೆ ಹೇಮಾವತಿ, ಅದರಾಚೆ ಹಾಸನ ಜಿಲ್ಲೆ. ನಮಗೆ ಮಡಿಕೇರಿಗಿಂತ ಹಾಸನವೇ ಹತ್ತಿರ. ಆಸ್ಪತ್ರೆಗೂ ಕಾಲೇಜಿಗೂ ಬಟ್ಟೆಬರೆಗೂ ನಮ್ಮವರು ಅತ್ತ ಮುಖ ಮಾಡುತ್ತಾರೆ. ಆದರೆ ಮಕ್ಕಳ ಸ್ಪರ್ಧೆಗಳೆಲ್ಲ ತಾಲ್ಲೂಕಿಗೆ ಸೋಮವಾರಪೇಟೆ, ಜಿಲ್ಲೆಗೆ ಮಡಿಕೇರಿ. ಹತ್ತು ಗಂಟೆಗೆ ಮಡಿಕೇರಿಯಲ್ಲಿ ವೇದಿಕೆ ಹತ್ತಬೇಕಾದ ಮಗು ನಸುಕಿಗೇ ಎದ್ದು ಮೊದಲ ಬಸ್ಸು ಹಿಡಿಯಬೇಕು. ದಾರಿಯುದ್ದಕ್ಕೂ ತಿರುವು. ಅರ್ಧ ಮಕ್ಕಳಿಗೆ ವಾಂತಿ. ಕಿಟಕಿ ಪಕ್ಕದ ಸೀಟು, ಒಂದು ನಿಂಬೆಹಣ್ಣು, ಕವರಿನಲ್ಲಿ ಎರಡು ಚಪಾತಿ, ಇವು ನಮ್ಮ ತಂಡದ ಖಾಯಂ ಸಾಮಾನು. ಅಷ್ಟೆಲ್ಲ ಆಗಿ ಮಡಿಕೇರಿಯಲ್ಲಿ ಇಳಿದು ಮುಖ ತೊಳೆದುಕೊಂಡು ಹಾಡಿದ ಮಗುವಿಗೆ ಮೂರನೇ ಬಹುಮಾನ ಬಂದರೂ ಅದು ನನ್ನ ಲೆಕ್ಕದಲ್ಲಿ ಬಹಳ ದೊಡ್ಡದು.

ಒಂದು ಕಾಲಕ್ಕೆ ಇಡೀ ಕೊಡಗಿಗೆ ದೊಡ್ಡ ಶಾಲೆ ಅಂದರೆ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲು. ಫೀಲ್ಡ್ ಮಾರ್ಷಲ್ ಕಾರಿಯಪ್ಪನವರು ಓದಿದ್ದು ಅಲ್ಲೇ. ಉತ್ತರದ ಹಳ್ಳಿಯ ಹುಡುಗ ಹೈಸ್ಕೂಲು ಓದಬೇಕೆಂದರೆ ಮನೆ ಬಿಡಬೇಕಿತ್ತು; ಹುಡುಗಿಯರ ಮಾತು ಅಲ್ಲಿಗೇ ಮುಗಿಯುತ್ತಿತ್ತು. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯದಲ್ಲಿ ಸೇರಿತು, 1966ರಲ್ಲಿ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಬಂತು, ಹೋಬಳಿ ಮಟ್ಟದಲ್ಲಿ ಹೈಸ್ಕೂಲುಗಳು ಒಂದೊಂದಾಗಿ ಎದ್ದವು. ಇದರ ವಿವರ ಬೇರೆ ಲೇಖನಗಳಲ್ಲಿದೆ. ನಾನು ಹೇಳಬೇಕಾದ್ದು ಇಷ್ಟೇ: ಇವತ್ತು ನಮ್ಮ ಬೆಳಗಿನ ಪ್ರಾರ್ಥನೆಗೆ ನಿಲ್ಲುವ ಹುಡುಗಿಯರ ಸಾಲು ಹುಡುಗರ ಸಾಲಿನಷ್ಟೇ ಉದ್ದ ಇದೆ. ಅವರಲ್ಲಿ ಅನೇಕರ ಅಜ್ಜಿಯರು ಇದೇ ಪೇಟೆಗೆ ಬಂದಿದ್ದು ಸಂತೆಗೆ, ಆಸ್ಪತ್ರೆಗೆ, ಮದುವೆ ಜವಳಿಗೆ ಮಾತ್ರ.

ಮಳೆಯ ವಿಷಯ ಬರೆಯದೆ ನಮ್ಮ ಶಾಲೆಯ ಕತೆ ಮುಂದೆ ಹೋಗದು. ಮಳೆಗಾಲದಲ್ಲಿ ಜಿಲ್ಲಾಡಳಿತ ದಿನಾ ಹೋಬಳಿವಾರು ಮಳೆ ವಿವರ ಕೊಡುತ್ತದೆ. ಭಾಗಮಂಡಲ, ಸಂಪಾಜೆ, ಶ್ರೀಮಂಗಲ, ಹುದಿಕೇರಿ, ಶಾಂತಳ್ಳಿ, ಶನಿವಾರಸಂತೆ, ಕೊಡ್ಲಿಪೇಟೆ ಎಂದು ಹೆಸರುಗಳು ಸಾಲಾಗಿ ಬರುತ್ತವೆ. ಜಿಲ್ಲೆಯ ಲೆಕ್ಕಕ್ಕೆ ನಮ್ಮದು ಕಮ್ಮಿ ಮಳೆ. ಹಾಗಂತ ಆ ಕಮ್ಮಿ ಮಳೆಯಲ್ಲಿ ಪಾಠ ಮಾಡಿದವರಿಗೇ ಗೊತ್ತು ಅದು ಏನು ಅಂತ. ಜುಲೈ ತಿಂಗಳ ಒಂದು ಮಧ್ಯಾಹ್ನ ಹೇಳುತ್ತೇನೆ. ವರಾಂಡದ ಕಂಬಿಗೆ ಕೊಡೆಗಳು ಬಾವಲಿಗಳ ಹಾಗೆ ನೇತಾಡುತ್ತಿವೆ, ಅವುಗಳ ತುದಿಯಿಂದ ಹರಿದ ನೀರು ಬಾಗಿಲ ಹೊಸ್ತಿಲವರೆಗೆ ಬಂದಿದೆ. ಬೆಂಚಿನ ಕೆಳಗೆ ಹಿಂಡಿಟ್ಟ ಸಾಕ್ಸು. ಹುಡುಗಿಯರ ಜಡೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ. ಕರೆಂಟು ಹೋಗಿ ಎರಡು ದಿನ. ನಾನು ಪದ್ಯ ಓದುತ್ತಿದ್ದೆ. ಶೀಟಿನ ಮೇಲೆ ಮಳೆ ಹೊಡೆದ ಸದ್ದಿಗೆ ನನ್ನ ದನಿ ನನಗೇ ಕೇಳದಾಯಿತು. ಓದು ನಿಲ್ಲಿಸಿ ಸೀಮೆಸುಣ್ಣ ತಗೊಂಡು ಪದ್ಯವನ್ನು ಹಲಗೆಯ ಮೇಲೆ ಬರೆಯುತ್ತಾ ಹೋದೆ. ಬರೆದು ತಿರುಗಿದರೆ ಐವತ್ತು ಮಕ್ಕಳ ತುಟಿಯೂ ಆಡುತ್ತಿತ್ತು. ಓದುತ್ತಿದ್ದರು, ಒಬ್ಬರ ದನಿಯೂ ಕೇಳಿಸುತ್ತಿರಲಿಲ್ಲ. ಆ ನೋಟ ಇವತ್ತಿಗೂ ನನ್ನ ಕಣ್ಣಿನಿಂದ ಹೋಗಿಲ್ಲ.

ಮಳೆಗೆ ರಜೆ ಕೊಟ್ಟ ದಿನಗಳನ್ನು ಆಮೇಲೆ ಶನಿವಾರ ಮಧ್ಯಾಹ್ನ, ಭಾನುವಾರ ಪಾಠ ಮಾಡಿ ತುಂಬಿಸಬೇಕು. 2018ರ ಆಗಸ್ಟಿನಲ್ಲಿ ಜಿಲ್ಲೆಯ ಗುಡ್ಡಗಳು ಕುಸಿದು ಊರೂರೇ ಖಾಲಿಯಾದಾಗ, ಮರುವರ್ಷ ಮತ್ತೆ ಪ್ರವಾಹ ಬಂದಾಗ, ಹೀಗೆ ತುಂಬಿಸಿದ ದಿನಗಳು ಬಹಳ. ಅಷ್ಟರಲ್ಲಿ ಕಾಫಿ ಕೊಯ್ಲು ಶುರುವಾಗುತ್ತದೆ. ತೋಟದ ಲೈನು ಮನೆಗಳ ಮಕ್ಕಳು ಭಾನುವಾರ ಅಪ್ಪ ಅಮ್ಮನ ಜತೆ ಹಣ್ಣು ಬಿಡಿಸಲು ಹೋಗಿ, ಸೋಮವಾರ ಬೆರಳ ಸಂದಿಯ ಕಪ್ಪು ಅಂಟು ಉಜ್ಜಿಕೊಳ್ಳುತ್ತಲೇ ಕ್ಲಾಸಿಗೆ ಬರುತ್ತಾರೆ. ಅವರ ಅಂಕಪಟ್ಟಿಯಲ್ಲಿ ಈ ಕೆಲಸಕ್ಕೆ ಕಾಲಂ ಇಲ್ಲ.

ಮಕ್ಕಳು ಶಾಲೆಯಲ್ಲಿ ಉಳಿದುಕೊಂಡದ್ದು ನಮ್ಮ ಪಾಠದ ಸೊಗಸಿನಿಂದ ಮಾತ್ರ ಅಂದುಕೊಳ್ಳುವಷ್ಟು ಮರೆವು ನನಗಿಲ್ಲ. 2007ರಲ್ಲಿ ಬಿಸಿಯೂಟ ಹೈಸ್ಕೂಲಿಗೂ ಬಂತು. ಅದಕ್ಕೆ ಮುಂಚೆ ಮಧ್ಯಾಹ್ನ ಊಟದ ಹೊತ್ತಿಗೆ ನಲ್ಲಿಯ ಹತ್ತಿರ ಹೋಗಿ ನೀರು ಕುಡಿದು, ಮೈದಾನದ ಅಂಚಿನಲ್ಲಿ ಸುಮ್ಮನೆ ಕೂತು ಬರುತ್ತಿದ್ದ ಮಕ್ಕಳಿದ್ದರು. ಬಿಸಿಯೂಟ ಬಂದ ಮೊದಲ ವಾರದಲ್ಲೇ ಮಧ್ಯಾಹ್ನದ ಮೊದಲ ಪಿರಿಯಡ್ಡಿನ ಕಳೆ ಬದಲಾಯಿತು. 2006-07ರಿಂದ ಎಂಟನೇ ತರಗತಿಯವರಿಗೆ ಸೈಕಲ್ಲು ಸಿಕ್ಕಿತು. ಏರಿಳಿತದ ನಮ್ಮ ದಾರಿಯಲ್ಲಿ ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚಿದ್ದರೂ, ಸ್ವಂತದ್ದು ಅಂತ ಒಂದು ವಸ್ತು ಕೈಗೆ ಬಂದ ಹುಡುಗಿಯರ ನಡಿಗೆಯೇ ಬೇರೆಯಾಯಿತು. ಕೋವಿಡ್ ಬಳಿಕ ಸೈಕಲ್ಲು ನಿಂತುಹೋಯಿತು, ಅದರ ಬಗ್ಗೆ ನನಗೆ ಬೇಸರವಿದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ ಅಂದಮೇಲೆ ಸಂಜೆಯ ವಿಶೇಷ ತರಗತಿಗೆ ಹುಡುಗಿಯರು ಉಳಿಯುವುದು ಸ್ವಲ್ಪ ಸಲೀಸಾಗಿದೆ, ಆ ಹೊತ್ತಿಗೆ ಸರ್ಕಾರಿ ಬಸ್ಸು ಇರುವ ದಾರಿಗಳಲ್ಲಿ.

ಈಚಿನ ವರ್ಷಗಳ ಸಾಧನೆಗಳಲ್ಲಿ ನಾನು ಎಲ್ಲಕ್ಕಿಂತ ಮೊದಲು ಇಡುವುದು ಎನ್.ಎಂ.ಎಂ.ಎಸ್. ಪರೀಕ್ಷೆ ಪಾಸಾದ ಮಕ್ಕಳನ್ನು. ಇದಕ್ಕೆ ಕಪ್ಪಿಲ್ಲ, ಮೆರವಣಿಗೆಯಿಲ್ಲ, ಆದ್ದರಿಂದ ಊರಿಗೆ ಗೊತ್ತಾಗುವುದೂ ಕಮ್ಮಿ. 2008ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ವಿದ್ಯಾರ್ಥಿವೇತನ ಇದು. ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳು ಬರೆಯಬಹುದು. ಮನೆಯ ವರಮಾನ ವರ್ಷಕ್ಕೆ 3.5 ಲಕ್ಷ ರೂಪಾಯಿ ಮೀರಿರಬಾರದು. ಮನೋಸಾಮರ್ಥ್ಯದ ಪತ್ರಿಕೆಗೆ 90 ಅಂಕ, ಪಠ್ಯವಿಷಯದ ಪತ್ರಿಕೆಗೆ 90. ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿ.ಯು.ವರೆಗೆ ನಾಲ್ಕು ವರ್ಷ, ವರ್ಷಕ್ಕೆ 12,000 ರೂಪಾಯಿ ನೇರ ಮಗುವಿನ ಖಾತೆಗೆ. ಒಟ್ಟು 48,000. ಕೂಲಿ ಮಾಡುವ ಮನೆಯಲ್ಲಿ "ಹತ್ತು ಆಯ್ತಲ್ಲ, ಸಾಕು" ಅನ್ನುವ ಮಾತನ್ನು ತಡೆಯಲು ಈ ದುಡ್ಡಿಗೆ ಇರುವ ಶಕ್ತಿ ನಮ್ಮ ಉಪದೇಶಕ್ಕೆ ಇಲ್ಲ.

ಈ ಪರೀಕ್ಷೆಯ ಮನೋಸಾಮರ್ಥ್ಯದ ಪತ್ರಿಕೆಗೆ ತಯಾರಿ ಪಠ್ಯಪುಸ್ತಕದಿಂದ ಆಗುವುದಿಲ್ಲ. ಸಂಖ್ಯೆಗಳ ಸಾಲಿನಲ್ಲಿ ಬಿಟ್ಟುಹೋದದ್ದು ಯಾವುದು, ಕನ್ನಡಿಯಲ್ಲಿ ಗಡಿಯಾರ ಎಷ್ಟು ಗಂಟೆ ತೋರಿಸುತ್ತದೆ, ಈ ಆಕೃತಿ ಮಡಿಸಿದರೆ ಹೇಗೆ ಕಾಣುತ್ತದೆ, ಹೀಗೆ ಬುದ್ಧಿಗೆ ಸಾಣೆ ಹಿಡಿಯುವ ಪ್ರಶ್ನೆಗಳು. ನಮ್ಮ ಗಣಿತದ ಮೇಡಂ ಹಳೆಯ ಪ್ರಶ್ನೆಪತ್ರಿಕೆಗಳನ್ನು ತಮ್ಮ ಖರ್ಚಿನಲ್ಲಿ ಜೆರಾಕ್ಸ್ ಮಾಡಿಸಿ, ಸಂಜೆ ಬಸ್ಸು ಬರುವವರೆಗಿನ ಮುಕ್ಕಾಲು ಗಂಟೆ ವರಾಂಡದಲ್ಲಿ ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದರು. ಗಡಿಯಾರದ ಪ್ರಶ್ನೆ ಎಷ್ಟು ಹೇಳಿದರೂ ಒಬ್ಬ ಹುಡುಗಿಗೆ ಹತ್ತುತ್ತಿರಲಿಲ್ಲ. ಮೇಡಂ ಸ್ಟಾಫ್ ರೂಮಿನ ಕನ್ನಡಿ ತಂದು ಗೋಡೆಗಡಿಯಾರದ ಎದುರು ಹಿಡಿದರು. ಅವಳು ಕನ್ನಡಿ ನೋಡಿದಳು, ಗಡಿಯಾರ ನೋಡಿದಳು, ಮತ್ತೆ ಕನ್ನಡಿ ನೋಡಿದಳು. "ಮಿಸ್, ಹನ್ನೆರಡರಿಂದ ಕಳೆದರೆ ಆಯ್ತು!" ಎಂದು ಕೂಗಿಕೊಂಡಳು. ಯಾರೂ ಹೇಳಿಕೊಡದ ಸೂತ್ರ, ಅವಳೇ ಕಂಡುಕೊಂಡದ್ದು. ಆ ವರ್ಷ ಆಯ್ಕೆಯಾದವರಲ್ಲಿ ಅವಳೂ ಒಬ್ಬಳು. ಹೆಸರು ಕೊನೆಯ ಪಟ್ಟಿಯಲ್ಲಿದೆ.

ಶಾಲಾ ಮಕ್ಕಳ ಸ್ಪರ್ಧೆಗಳಾದ ಪ್ರತಿಭಾ ಕಾರಂಜಿಯ ಕತೆ ಎಲ್ಲರಿಗೂ ಗೊತ್ತಿರುವುದೇ. ಕ್ಲಸ್ಟರಿನಿಂದ ತಾಲ್ಲೂಕು, ಅಲ್ಲಿಂದ ಜಿಲ್ಲೆ, ರಾಜ್ಯ. ಕಂಠಪಾಠ, ಆಶುಭಾಷಣ, ಮಿಮಿಕ್ರಿ, ರಂಗೋಲಿ, ಭಾವಗೀತೆ, ಗಝಲ್, ಕವ್ವಾಲಿ, ಜಾನಪದ ನೃತ್ಯ. ಕ್ಲಾಸಿನಲ್ಲಿ ಕೊನೆಯ ಬೆಂಚು ಬಿಟ್ಟು ಏಳದ ಹುಡುಗ ಮಿಮಿಕ್ರಿಗೆ ನಿಂತರೆ ಇಡೀ ಸಭೆಯನ್ನು ಕೈಯಲ್ಲಿ ಹಿಡಿಯುತ್ತಾನೆ, ಅದು ಪ್ರತಿ ವರ್ಷ ಆಗುತ್ತದೆ. ಕವ್ವಾಲಿ ತಂಡದಲ್ಲಿ ಮನೆಯಲ್ಲಿ ಉರ್ದು ಮಾತಾಡುವ ಮಕ್ಕಳ ಜತೆ ಕಿರಿಕೊಡ್ಲಿ ಕಡೆಯ ಹುಡುಗರೂ ಚಪ್ಪಾಳೆ ತಟ್ಟಿ ಕೂರುವುದನ್ನು ನೋಡುವುದೇ ಒಂದು ಸಂತೋಷ. ಉಚ್ಚಾರ ತಿದ್ದುವವರು ಗೆಳೆಯರೇ. ಒಂದು ವಿಷಯದಲ್ಲಿ ಮಾತ್ರ ನನ್ನ ತಕರಾರು ಇತ್ತು, ಈಗಲೂ ಇದೆ. ಜಾನಪದ ನೃತ್ಯ ಅಂದಕೂಡಲೆ ಮೊಬೈಲ್ ನೋಡಿ ಡೊಳ್ಳು, ಕಂಸಾಳೆಯ ಅನುಕರಣೆ ಮಾಡುತ್ತೇವೆ. ಅವು ಒಳ್ಳೆಯ ಕಲೆಗಳೇ. ಆದರೆ ನಮ್ಮ ಸೀಮೆಯಲ್ಲಿ ಸುಗ್ಗಿ ಇದೆ, ಸುಗ್ಗಿ ಕುಣಿತ ಗೊತ್ತಿರುವ ಹಿರಿಯರು ಊರೂರಿನಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಒಬ್ಬರನ್ನಾದರೂ ಶಾಲೆಗೆ ಕರೆಸಿ ಕಲಿಸಿದರೆ ಬಹುಮಾನ ಬರಲಿ ಬಿಡಲಿ, ಆ ಹೆಜ್ಜೆ ಇನ್ನೊಂದು ತಲೆಮಾರಿಗೆ ದಾಟುತ್ತದೆ. ಈ ಮಾತನ್ನು ಈಗಿನ ಶಿಕ್ಷಕ ಮಿತ್ರರು ಕಿವಿಗೆ ಹಾಕಿಕೊಳ್ಳಬೇಕು ಎಂದೇ ಇಲ್ಲಿ ಬರೆದಿದ್ದೇನೆ.

ಶನಿವಾರಸಂತೆ ಬಳಿಯ ಮುಳ್ಳೂರಿಗೆ ಹೋಗಿಬರುವುದು ನಮ್ಮ ಒಂಬತ್ತನೇ ತರಗತಿಯ ಸಂಪ್ರದಾಯ. ದೂರದ ಪ್ರವಾಸ ಅಲ್ಲ, ಖರ್ಚೂ ಇಲ್ಲ. ಅಲ್ಲಿರುವುದು ಕೊಂಗಾಳ್ವ ಅರಸರ ಕಾಲದ ಕಲ್ಲಿನ ಬಸದಿಗಳು. ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿ 1058ರಲ್ಲಿ ಬಸದಿ ಕಟ್ಟಿಸಿದಳು ಎಂದು ಅಲ್ಲಿನ ಶಾಸನ ಹೇಳುತ್ತದೆ. ಮಕ್ಕಳು ಮೊದಲು ಓಡಾಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ತಂದ ಬುತ್ತಿ ಬಿಚ್ಚುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಶಾಸನದ ಹತ್ತಿರ ಬಂದು ಕಲ್ಲಿನ ಮೇಲೆ ಬೆರಳಾಡಿಸುತ್ತಾರೆ. ಒಂದು ವರ್ಷ ಒಬ್ಬಳು ಬಹಳ ಹೊತ್ತು ಅಲ್ಲೇ ಕೂತಿದ್ದಳು. "ಸಾರ್, ಇದರಲ್ಲಿ ಒಂದು ಅಕ್ಷರ ನನಗೆ ಗೊತ್ತಾಯ್ತು" ಎಂದು ತೋರಿಸಿದಳು. "ರ". ಸಾವಿರ ವರ್ಷದ ಹಿಂದಿನ ಗುಂಡನೆಯ ರಕಾರ, ಈಗಿನದಕ್ಕೆ ಹತ್ತಿರವಾಗಿಯೇ ಇತ್ತು. ಶಾಲೆಗೆ ಬಂದಮೇಲೆ ಅವಳು ಬರೆದ ಪ್ರಬಂಧದಲ್ಲಿ ಬಸದಿಯ ಉದ್ದ ಅಗಲ ಯಾವುದೂ ಇರಲಿಲ್ಲ. ತನ್ನ ಅಮ್ಮನ ಹೆಸರನ್ನು ಯಾರೂ ಎಲ್ಲೂ ಕೆತ್ತಿಲ್ಲ, ರೇಷನ್ ಕಾರ್ಡಿನಲ್ಲಿ ಮಾತ್ರ ಇದೆ, ಪೋಚಬ್ಬರಸಿಯದು ಕಲ್ಲಿನಲ್ಲಿದೆ ಎಂದು ಬರೆದಿದ್ದಳು. ನನ್ನ ಸೇವೆಯಲ್ಲಿ ತಿದ್ದಿದ ಸಾವಿರಾರು ಪ್ರಬಂಧಗಳಲ್ಲಿ ಕೆಂಪು ಶಾಯಿ ಮುಟ್ಟಿಸದೆ ವಾಪಸು ಕೊಟ್ಟದ್ದು ಅದೊಂದೇ ಇರಬೇಕು. ಯಾವ ಸ್ಪರ್ಧೆಗೂ ಅದು ಹೋಗಲಿಲ್ಲ. ಕಪಾಟಿನಲ್ಲಿ ಅದಕ್ಕೆ ಜಾಗವಿಲ್ಲ ಅಂತಲೇ ಇಲ್ಲಿ ದಾಖಲಿಸುತ್ತಿದ್ದೇನೆ.

ಆಟೋಟದ ಬಗ್ಗೆ ಪಿ.ಟಿ. ಮೇಷ್ಟ್ರು ಪ್ರತ್ಯೇಕವಾಗಿ ಬರೆದಿದ್ದಾರೆ. ಕೊಡಗಿನ ಮಕ್ಕಳು ಅಂದರೆ ಹಾಕಿ ಅಂತ ಹೊರಗಿನವರು ತಿಳಿಯುತ್ತಾರೆ. ನಮ್ಮ ಮೈದಾನದಲ್ಲಿ ಕಬಡ್ಡಿ, ವಾಲಿಬಾಲು, ಥ್ರೋಬಾಲಿನದೇ ಸದ್ದು. ಆದರೂ ನಮ್ಮದೇ ಸೋಮವಾರಪೇಟೆಯ ಎಸ್. ವಿ. ಸುನಿಲ್ ಲಂಡನ್, ರಿಯೊ ಎರಡೂ ಒಲಿಂಪಿಕ್ಸಿನಲ್ಲಿ ಆಡಿ, 2014ರ ಏಷ್ಯನ್ ಗೇಮ್ಸ್ ಚಿನ್ನದ ತಂಡದಲ್ಲಿದ್ದು ಬಂದಮೇಲೆ, ಬಿದಿರು ಕೋಲು ಹಿಡಿದು ಚೆಂಡು ತಳ್ಳುವ ಹುಡುಗರು ನಮ್ಮಲ್ಲೂ ಕಾಣಿಸಿಕೊಂಡರು. ಇಲ್ಲಿಂದ ಕೂಡಿಗೆಯ ಕ್ರೀಡಾಶಾಲೆಯ ಆಯ್ಕೆಗೆ ಹೋಗುವ ಮಕ್ಕಳ ಜತೆ ಹೋಗುವುದು ಮೇಷ್ಟ್ರೇ, ಬಸ್ ಚಾರ್ಜೂ ಅವರದೇ.

ಕೋವಿಡ್ ಕಾಲ ಬಂತು. 2020ರ ಮಾರ್ಚಿನಲ್ಲಿ ನಡೆಯಬೇಕಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆ ಜೂನ್ 25ಕ್ಕೆ ಶುರುವಾಯಿತು, ನಮ್ಮ ಕಡೆ ಮುಂಗಾರು ಹಿಡಿದಿದ್ದ ಹೊತ್ತು. ನೆನೆದ ಮಾಸ್ಕು ಹಾಕಿಕೊಂಡು ಬಂದ ಮಕ್ಕಳಿಗೆ ಗೇಟಿನಲ್ಲೇ ಒಣ ಮಾಸ್ಕು ಕೊಟ್ಟು, ಹಣೆಗೆ ಉಷ್ಣಮಾಪಕ ಹಿಡಿದು, ದೂರ ದೂರ ಕೂರಿಸಿದೆವು. ಬೇರೆ ಜಿಲ್ಲೆಯ ಹಾಸ್ಟೆಲ್ಲುಗಳಲ್ಲಿದ್ದು ಊರಿಗೆ ಬಂದವರು ಹತ್ತಿರದ ಕೇಂದ್ರದಲ್ಲೇ ಬರೆಯಬಹುದು ಎಂದದ್ದರಿಂದ ಹಳೆಯ ಪ್ರೈಮರಿ ಗೆಳೆಯರು ಮೂರು ವರ್ಷದ ಮೇಲೆ ಒಂದೇ ಕೋಣೆಯಲ್ಲಿ ಮುಖಾಮುಖಿಯಾದರು, ಮಾತಾಡುವ ಹಾಗಿರಲಿಲ್ಲ. 2021ರದು ಇನ್ನೂ ಬೇರೆ: ಜುಲೈ 19 ಮತ್ತು 22, ಎರಡೇ ದಿನ, ಉತ್ತರಕ್ಕೆ ಗುಂಡು ತುಂಬುವುದಷ್ಟೇ ಕೆಲಸ. ಆ ಎರಡು ವರ್ಷ ಚಂದನ ವಾಹಿನಿಯ ಪಾಠ ಟಿ.ವಿ. ಇದ್ದ ಮನೆಗೆ ಮುಟ್ಟಿತು, ಮೊಬೈಲಿನ ಪಾಠ ಸಿಗ್ನಲ್ ಇದ್ದ ದಿಬ್ಬಕ್ಕೆ ಮುಟ್ಟಿತು. ಎರಡೂ ಮುಟ್ಟದ ಕಡೆಗೆ ನಾವೇ ನಡೆದುಹೋದೆವು. ಮಕ್ಕಳಿದ್ದ ಕಡೆಗೇ ಹೋಗಿ ಪಾಠ ಮಾಡುವ ವಿದ್ಯಾಗಮ ಕಾರ್ಯಕ್ರಮದ ಹೆಸರಿನಲ್ಲಿ ದೇವಸ್ಥಾನದ ಜಗಲಿ, ಕಾಫಿ ಕಣ, ಮಸೀದಿಯ ಅಂಗಳ ಎಲ್ಲವೂ ಕ್ಲಾಸಾಗಿದ್ದವು. 2022ರಲ್ಲಿ ಎಂಟಕ್ಕೆ ಬಂದ ಮಕ್ಕಳಲ್ಲಿ ಒತ್ತಕ್ಷರ ಮರೆತವರು ಎಷ್ಟೋ ಮಂದಿ. ಕಲಿಕಾ ಚೇತರಿಕೆ ಎಂದು ಇಲಾಖೆ ಕೊಟ್ಟ ಹಾಳೆಗಳನ್ನು ಇಟ್ಟುಕೊಂಡು, ಐದನೇ ತರಗತಿಯಿಂದ ಮತ್ತೆ ಶುರುಮಾಡಿದೆವು.

2024ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಕೊಡಗು ಶೇ. 88.67 ತೆಗೆದು ರಾಜ್ಯದಲ್ಲಿ ನಾಲ್ಕನೇ ಸ್ಥಾನಕ್ಕೆ ನಿಂತಿತು. ಆ ಅಂಕಿಯೊಳಗೆ ನಮ್ಮ ಮಕ್ಕಳೂ ಇದ್ದಾರೆ ಎಂಬುದು ನನಗೆ ಹೆಮ್ಮೆ. ಫಲಿತಾಂಶದ ಮಾರನೇ ದಿನ 'ಶಕ್ತಿ' ಪತ್ರಿಕೆ ತಂದು ನಮ್ಮ ಮಕ್ಕಳ ಫೋಟೋ ಇದ್ದ ಭಾಗ ಕತ್ತರಿಸಿ ನೋಟಿಸ್ ಬೋರ್ಡಿಗೆ ಅಂಟಿಸುವಾಗ ಅಟೆಂಡರ್ ಅಣ್ಣನ ಕೈಗೂ ನನ್ನ ಕೈಗೂ ಗೋಂದು.

ಅದೇ ವರ್ಷ ಪರೀಕ್ಷೆ ಒಂದು, ಎರಡು, ಮೂರು ಎಂದು ಮೂರು ಅವಕಾಶ ಬಂದಿತ್ತು. ಫೋಟೋ ಬರುವುದು ಮೊದಲ ಪರೀಕ್ಷೆಯವರದು. ನಮ್ಮ ಒಬ್ಬ ಹುಡುಗ ಗಣಿತದಲ್ಲಿ ಉಳಿದುಕೊಂಡ. ಅಪ್ಪನಿಲ್ಲ, ತೋಟದ ಕೆಲಸಕ್ಕೆ ಹೋಗುವ ಅಜ್ಜಿಯ ಜತೆ ಬೆಳೆದವನು. ಫಲಿತಾಂಶದ ದಿನ ಶಾಲೆಯ ಕಡೆ ಬರಲಿಲ್ಲ. ಮೂರನೇ ದಿನ ಗಣಿತದ ಮೇಡಂ, ನಾನು ಲೈನು ಮನೆಗೆ ಹೋದೆವು. ಅಜ್ಜಿ ಬೆಲ್ಲದ ಕಾಫಿ ಕೊಟ್ಟು, "ಓದಿದ್ದು ಸಾಕು ಅಂತಾನೆ, ನೀವೇ ಹೇಳಿ ಮಗಾ" ಎಂದರು. ಮೇಡಂ ಹೆಚ್ಚೇನೂ ಹೇಳಲಿಲ್ಲ. ಚೀಲದಿಂದ, ಪಾಸಾಗಲು ಸಾಕಾಗುವಷ್ಟು ಪಾಠಗಳಿರುವ ಪಾಸಿಂಗ್ ಪ್ಯಾಕೇಜಿನ ಹಾಳೆ ತೆಗೆದು, "ಇದರಲ್ಲಿ ನಕ್ಷೆ, ರಚನೆ, ಸಂಖ್ಯಾಶಾಸ್ತ್ರ ಮೂರೇ ಮಾಡು, ನಾಳೆ ಹತ್ತಕ್ಕೆ ಬಾ" ಎಂದರು. ಬಂದ. ರಜೆಯಲ್ಲಿ ಖಾಲಿ ಶಾಲೆಯ ವರಾಂಡದಲ್ಲಿ ಅವನೊಬ್ಬ, ಮೇಡಂ ಒಬ್ಬರು, ನಡುವೆ ಒಂದು ಕೈವಾರ. ಜೂನ್‌ನಲ್ಲಿ ಪರೀಕ್ಷೆ ಎರಡು ಬರೆದು ಪಾಸಾದ. ಅದೇ ವರ್ಷ ಪಿ.ಯು. ಸೇರಿದ.

ಪರೀಕ್ಷೆ ಎರಡು, ಮೂರರಲ್ಲಿ ಪಾಸಾದವರ ಹೆಸರುಗಳನ್ನೂ ಕೊನೆಯ ಪಟ್ಟಿಗೆ ಸೇರಿಸಬೇಕೆಂದು ಸಮಿತಿಯನ್ನು ಕೇಳಿಕೊಂಡೆ, ಅವರು ಎರಡು ಮಾತಿಲ್ಲದೆ ಒಪ್ಪಿದರು. ಆ ಹೆಸರುಗಳನ್ನು ಹುಡುಕುತ್ತಾ ಮತ್ತೆ ರಿಜಿಸ್ಟರು ತಿರುವಿದಾಗ ಆ ಹುಡುಗನ ಸಾಲು ಸಿಕ್ಕಿತು. ಎಂಟಕ್ಕೆ ಸೇರಿದ ದಿನದ ಪೋಷಕರ ಕಾಲಂನಲ್ಲಿ ನೀಲಿ ಶಾಯಿಯ ಹೆಬ್ಬೆಟ್ಟಿನ ಗುರುತು. ಅದೇ ಸಾಲಿನ ಕೊನೆಗೆ, ಟಿ.ಸಿ. ಪಡೆದವರ ಕಾಲಂನಲ್ಲಿ, ಅವನ ಸಹಿ. ಖಾನೆ ಸಾಲದೆ ಕೊನೆಯ ಅಕ್ಷರ ಪಕ್ಕದ ಗೆರೆ ದಾಟಿದೆ.